ಕೂಸಿನ ಹಕ್ಕು, ಟೀಚರಮ್ಮನ ಗೌರವಧನ

2006ರ ಡಿಸೆಂಬರ್ 7ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮೇಲ್ಮನವಿ ಸಲ್ಲಿಸಿದ್ದು ಕರ್ನಾಟಕ ಸರ್ಕಾರ, ಎದುರಿಗಿದ್ದವರು ಅಂಗನವಾಡಿ ಕಾರ್ಯಕರ್ತೆಯರು. ಕಾನೂನು ಓದುವವರ ನಡುವೆ ಇದಕ್ಕೆ ಅಮೀರ್‌ಬಿ ಪ್ರಕರಣ ಎಂದೇ ಹೆಸರು. ಕೆಲಸದ ತಕರಾರುಗಳನ್ನು ಹಿಡಿದು ಈ ಹೆಂಗಸರು ರಾಜ್ಯದ ಆಡಳಿತ ನ್ಯಾಯಮಂಡಳಿಗೆ ಹೋಗಬಹುದೇ, ಅಂದರೆ ಅವರದು ಸರ್ಕಾರಿ ಹುದ್ದೆಯೇ ಎಂಬುದು ಅಲ್ಲಿದ್ದ ಪ್ರಶ್ನೆ. ಅಲ್ಲ ಎಂದಿತು ನ್ಯಾಯಾಲಯ. ಅವರ ಹುದ್ದೆ ಯಾವ ಶಾಸನದಿಂದಲೂ ಹುಟ್ಟಿಲ್ಲ, ಅದು ಒಂದು ಯೋಜನೆಯ ಭಾಗ ಮಾತ್ರ. ಸರ್ಕಾರಿ ನೌಕರರ ನೇಮಕಾತಿ ನಿಯಮಗಳು ಅವರಿಗೆ ಅನ್ವಯಿಸುವುದಿಲ್ಲ ಎಂಬುದು ತೀರ್ಪಿನ ಸಾರ.

ಇದಾಗಿ ಆರೇ ದಿನಕ್ಕೆ, ಅದೇ ತಿಂಗಳ 13ರಂದು, ಅದೇ ನ್ಯಾಯಾಲಯದಿಂದ ಇನ್ನೊಂದು ಆದೇಶ ಬಂತು. ಪಿಯುಸಿಎಲ್ ಸಂಘಟನೆ 2001ರಲ್ಲಿ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಬಂದ ಆದೇಶ ಅದು. 2008ರ ಡಿಸೆಂಬರ್ ಹೊತ್ತಿಗೆ ದೇಶದಲ್ಲಿ 14 ಲಕ್ಷ ಅಂಗನವಾಡಿಗಳು ಇರಬೇಕು. ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ಹಾಡಿ, ಕೇರಿ, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅಲ್ಲಿ ಅಂಗನವಾಡಿ ತೆರೆಯಬೇಕು ಎಂದು ಅದು ಹೇಳಿತು. ಒಂದೇ ತಿಂಗಳಲ್ಲಿ, ಒಂದೇ ಕಟ್ಟಡದಲ್ಲಿ, ಮಗುವಿಗೆ ಅಂಗನವಾಡಿ ಹಕ್ಕಾಯಿತು; ಅಂಗನವಾಡಿ ನಡೆಸುವವಳಿಗೆ ತನ್ನ ಹುದ್ದೆಯ ಮೇಲೆ ಹಕ್ಕಿಲ್ಲ ಎಂದೂ ಆಯಿತು.

ಎರಡೂ ಆದೇಶಗಳನ್ನು ಅವುಗಳ ಕಾನೂನಿನ ಚೌಕಟ್ಟಿನೊಳಗೆ ಸಮರ್ಥಿಸಬಹುದು. ಒಂದು ಸೇವಾ ನಿಯಮಗಳ ಕಡತದಿಂದ ಬಂತು, ಇನ್ನೊಂದು ಹಸಿವಿನ ಕಡತದಿಂದ. ಈ ದೇಶದಲ್ಲಿ ಮಕ್ಕಳ ಆರೈಕೆಯ ನಿಯಮಗಳು ಹೀಗೆ ಎರಡು ಕಡತಗಳಲ್ಲೇ ಬೆಳೆದಿವೆ. ಮಗುವಿಗೆ ಏನು ಸಿಗಬೇಕು ಎಂಬುದನ್ನು ಒಬ್ಬರು ಬರೆದರು. ಅದನ್ನು ಕೊಡುವವರ ಕೆಲಸದ ಹೊತ್ತು, ಸಂಬಳ, ತರಬೇತಿಗಳನ್ನು ಬೇರೆಯವರು, ಬೇರೆ ಕಾಲದಲ್ಲಿ, ಬೇರೆ ಲೆಕ್ಕದಲ್ಲಿ ಬರೆದರು. ಅಂಗನವಾಡಿಯ ಒಂದು ಕೋಣೆಯಲ್ಲಿ ಈ ಎರಡು ಕಡತಗಳನ್ನು ಬೇರೆ ಇಡಲು ಜಾಗವಿಲ್ಲ. ಟೀಚರಮ್ಮನ ಬಳಿ ಎಷ್ಟು ಹೊತ್ತಿದೆಯೋ ಅಷ್ಟೇ ಮಗುವಿಗೆ ದಕ್ಕುವುದು. ಮೊದಲನೆಯ ಕಡತ ಎಷ್ಟೇ ಉದಾರವಾಗಿರಲಿ, ಎರಡನೆಯದು ಜಿಪುಣವಾಗಿದ್ದರೆ ನಷ್ಟ ಕೂಸಿನದು.

ಕರ್ನಾಟಕಕ್ಕೆ ಈ ಕಥೆಯಲ್ಲಿ ಮೊದಲ ಪುಟದಿಂದಲೂ ಪಾಲಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅದರಲ್ಲಿತ್ತು. ಅಲ್ಲಿ 100 ಕೇಂದ್ರಗಳಿದ್ದವು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು. ಆಗ ನಿಗದಿಯಾದ ಸೇವೆಗಳು ಆರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ ಮತ್ತು ಶಾಲಾಪೂರ್ವ ಶಿಕ್ಷಣ. ಸೇವೆ ಆರು, ಕೈ ನಾಲ್ಕು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಾಮಾನ್ಯವಾಗಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ. ಐವತ್ತು ವರ್ಷಗಳಲ್ಲಿ ಸೇವೆಗಳ ಪಟ್ಟಿ ಉದ್ದವಾಗುತ್ತಲೇ ಹೋಯಿತು. ಕೈಗಳ ಲೆಕ್ಕ ಮಾತ್ರ ಅಲ್ಲೇ ನಿಂತಿದೆ.

ಯಾವುದಾದರೂ ಊರಿನ ಅಂಗನವಾಡಿಯ ತೂಕದ ದಿನವನ್ನು ನೋಡಬೇಕು. ಬೆಳಗ್ಗೆ ಸಹಾಯಕಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಕೋಣೆ ಗುಡಿಸಿ, ಒಲೆ ಹಚ್ಚುತ್ತಾಳೆ. ಟೀಚರ್ ಗೋಡೆಯ ಚಿತ್ರಪಟ ತೋರಿಸಿ ಪ್ರಾಣಿಗಳ ಹೆಸರು ಹೇಳಿಸುತ್ತಿರುವಾಗ ತಾಯಂದಿರು ಚಿಕ್ಕ ಕೂಸುಗಳನ್ನು ಸೊಂಟದ ಮೇಲಿಟ್ಟುಕೊಂಡು ಬರುತ್ತಾರೆ. ತಕ್ಕಡಿಯನ್ನು ತೊಲೆಗೆ ತೂಗುಹಾಕಿ, ಚಡ್ಡಿಯ ಆಕಾರದ ಬಟ್ಟೆಯೊಳಗೆ ಕೂಸಿನ ಎರಡು ಕಾಲುಗಳನ್ನು ತೂರಿಸಬೇಕು. ಕೂಸು ಗಾಳಿಯಲ್ಲಿ ಒದೆಯುತ್ತ ಅಳುತ್ತದೆ, ಮುಳ್ಳು ಅಲ್ಲಾಡುತ್ತದೆ. ಅದು ನಿಲ್ಲುವವರೆಗೆ ಕಾದು ಓದಬೇಕು. ಆಮೇಲೆ ಉದ್ದ ಅಳೆಯುವ ಹಲಗೆಯ ಮೇಲೆ ಮಲಗಿಸಿ, ಮಂಡಿ ಮಡಚದಂತೆ ಒತ್ತಿ ಹಿಡಿಯಬೇಕು. ಇದಕ್ಕೆ ಇಬ್ಬರು ಬೇಕೇ ಬೇಕು, ಇನ್ನೊಬ್ಬಳು ಒಲೆಯ ಮುಂದಿದ್ದಾಳೆ. ತೋಳಿಗೆ ಮೂರು ಬಣ್ಣದ ಪಟ್ಟಿ ಸುತ್ತಿ ನೋಡಬೇಕು, ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾಗಿ ಕೆಂಪು ಬಂದರೆ ಅದು ತೀವ್ರ ಅಪೌಷ್ಟಿಕತೆ. ಇಷ್ಟನ್ನೂ ಪುಸ್ತಕದಲ್ಲಿ ಬರೆದು ಮೊಬೈಲಿಗೂ ಏರಿಸಬೇಕು. ಅಷ್ಟು ಹೊತ್ತು ದೊಡ್ಡ ಮಕ್ಕಳು ಚಿತ್ರಪಟದ ಮುಂದೆ ಕುಳಿತೇ ಇರುತ್ತಾರೆ. ಪಾಠ ಆನೆಯ ಹತ್ತಿರ ನಿಂತಿರುತ್ತದೆ.

ಟೀಚರಮ್ಮನ ಸೋಮಾರಿತನದಿಂದ ನಿಂತ ಪಾಠವಲ್ಲ ಅದು. ಆ ಹೊತ್ತಿನಲ್ಲಿ ಅವಳು ಮಾಡುತ್ತಿರುವ ಪ್ರತಿಯೊಂದು ಕೆಲಸವನ್ನೂ ನಿಯಮವೇ ಹೇಳಿದೆ.

ನಿಯಮ ಚೆನ್ನಾಗಿ ಬರೆಯಲ್ಪಟ್ಟಾಗ ಏನಾಗುತ್ತದೆ ಎಂಬುದಕ್ಕೆ ಊಟವೇ ಉದಾಹರಣೆ. ಪೂರಕ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಸ್ವಸಹಾಯ ಗುಂಪುಗಳಿಗೆ, ಮಹಿಳಾ ಮಂಡಲಗಳಿಗೆ ಆದ್ಯತೆ ಕೊಡಿ ಎಂದಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇನ್ನೂ ಖಚಿತವಾಗಿ ಮಾತಾಡಿತು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕು ಎಂದಿತು. ಅಪೌಷ್ಟಿಕ ಮಗುವಿಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ. ಅದೇ ವರ್ಷ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಕರ್ನಾಟಕದ ಮಕ್ಕಳ ಲೋಟಕ್ಕೆ ಬಂತು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಮತ್ತು ಐದನೇ ಸುತ್ತುಗಳ ನಡುವೆ ರಾಜ್ಯದಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣ ಶೇ 26.1ರಿಂದ 19.5ಕ್ಕೆ ಇಳಿಯಿತು. ಇದರ ಶ್ರೇಯವೆಲ್ಲ ಊಟಕ್ಕೇ ಸಲ್ಲುತ್ತದೆ ಎನ್ನಲಾಗದು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣವಂತೂ 36.2ರಿಂದ 35.4ಕ್ಕೆ ಬಂದು ನಿಂತುಬಿಟ್ಟಿದೆ. ಆದರೂ ತಟ್ಟೆಯಲ್ಲಿ ಇಷ್ಟೇ ಇರಬೇಕು ಎಂದು ಕಾನೂನು ಗ್ರಾಮಿನ ಲೆಕ್ಕದಲ್ಲಿ ಹೇಳಿದಾಗ, ತಾಯಿಯೊಬ್ಬಳು ಪ್ರಶ್ನಿಸಲು ಒಂದು ಆಧಾರ ಹುಟ್ಟುತ್ತದೆ. ಆಟಕ್ಕೆ, ಮಾತಿಗೆ, ಕಥೆಗೆ ಅಂಥ ಆಧಾರವನ್ನು ಯಾವ ಕಾಯ್ದೆಯೂ ಕೊಡಲಿಲ್ಲ.

ಮಾತೃಪೂರ್ಣದಂಥ ಒಳ್ಳೆಯ ಯೋಜನೆಯನ್ನೂ ಅಡುಗೆಮನೆಯ ಕಡೆಯಿಂದ ನೋಡಬೇಕಾಗುತ್ತದೆ. ಉಣ್ಣುವವರು ಹೆಚ್ಚಿದರು, ಪಾತ್ರೆ ದೊಡ್ಡದಾಯಿತು, ಬೇಯಿಸುವವಳು ಒಬ್ಬಳೇ ಉಳಿದಳು. ಮೊಟ್ಟೆಯ ದರ ಸರ್ಕಾರ ಗೊತ್ತುಮಾಡಿದ್ದಕ್ಕಿಂತ ಮೇಲೇರಿದ ದಿನಗಳಲ್ಲಿ ವ್ಯತ್ಯಾಸದ ಹಣವನ್ನು ತಾವೇ ಕೈಯಿಂದ ಹಾಕಬೇಕಾಗುತ್ತದೆ ಎಂಬುದು ಕಾರ್ಯಕರ್ತೆಯರ ಹಳೆಯ ದೂರು. ಬಿಲ್ಲು ಪಾಸಾಗುವವರೆಗೆ ಅಂಗಡಿಯವನ ಮುಂದೆ ಸಾಲಗಾರಳಾಗಿ ನಿಲ್ಲುವವಳು ಅವಳೇ.

ಇನ್ನು ದಾಖಲೆಯ ನಿಯಮಗಳು. ಅಂಗನವಾಡಿಗೆ ಹನ್ನೊಂದು ರಿಜಿಸ್ಟರುಗಳಿದ್ದವು: ಕುಟುಂಬದ ವಿವರ, ಆಹಾರ ದಾಸ್ತಾನು, ಆಹಾರ ವಿತರಣೆ, ಶಾಲಾಪೂರ್ವ ಹಾಜರಿ, ಚುಚ್ಚುಮದ್ದು, ಮನೆಭೇಟಿ, ಹೀಗೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂತು. ಕೆಲಸ ಹಗುರವಾಗುವುದೆಂಬ ನಿರೀಕ್ಷೆ ಇತ್ತು. ಪುಸ್ತಕದಲ್ಲೂ ಬರೆ, ಆ್ಯಪಿಗೂ ಏರಿಸು ಎಂಬ ಎರಡು ಪಟ್ಟು ಕೆಲಸವಾಯಿತೆಂಬ ಅಳಲು ಅನೇಕ ಕಡೆ ಕೇಳಿಬಂತು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಪಡಿತರ ಕೊಡುವ ಮುನ್ನ ಫಲಾನುಭವಿಯ ಮುಖವನ್ನು ಮೊಬೈಲಿನಲ್ಲಿ ಗುರುತಿಸಬೇಕೆಂಬುದು ಕಡ್ಡಾಯವಾಗಿದೆ. ನೆಟ್‌ವರ್ಕ್ ಇಲ್ಲದ ಮಲೆನಾಡಿನ ಊರಲ್ಲಿ, ಆಧಾರಿಗೆ ಜೋಡಿಸಿದ ಸಿಮ್ಮು ದುಡಿಯಲು ಹೋದ ಗಂಡನ ಜೇಬಿನಲ್ಲಿರುವಾಗ, ಬಾಣಂತಿ ಅಂಗನವಾಡಿಯ ಬಾಗಿಲಲ್ಲಿ ಒಟಿಪಿಗಾಗಿ ಕಾಯುತ್ತ ನಿಲ್ಲುತ್ತಾಳೆ. ಅವಳನ್ನು ಬರಿಗೈಯಲ್ಲಿ ಕಳಿಸುವ ಕಷ್ಟ ಟೀಚರಮ್ಮನದು. ಊರಲ್ಲಿ ಬೈಸಿಕೊಳ್ಳುವವಳೂ ಅವಳೇ.

ಲೆಕ್ಕ ಬೇಡ ಎನ್ನುವ ವಾದ ಇದಲ್ಲ. ಮಕ್ಕಳ ಅಕ್ಕಿ, ಬೇಳೆ, ಹಾಲಿನ ಪುಡಿ ಕಳುವಾದ ಚರಿತ್ರೆ ಈ ದೇಶಕ್ಕಿದೆ, ಇಲ್ಲದ ಮಕ್ಕಳ ಹೆಸರಲ್ಲಿ ಬಿಲ್ಲಾದ ಚರಿತ್ರೆಯೂ ಇದೆ. ಲೆಕ್ಕ ಬೇಕು. ಆದರೆ ಪ್ರತಿಯೊಂದು ಲೆಕ್ಕವೂ ಯಾರೋ ಒಬ್ಬರ ಹೊತ್ತನ್ನು ತಿನ್ನುತ್ತದೆ, ಮತ್ತು ಇಲ್ಲಿ ಅದು ತಿನ್ನುವುದು ಮಗುವಿನ ಜೊತೆ ಕಳೆಯಬೇಕಾದ ಹೊತ್ತನ್ನೇ. ಅದರ ಮೇಲೆ ಮತದಾರರ ಪಟ್ಟಿಯ ಕೆಲಸ, ಬಗೆಬಗೆಯ ಸಮೀಕ್ಷೆ. ಹೊಸ ನಮೂನೆಯೊಂದನ್ನು ಹೊರಡಿಸುವ ಮುನ್ನ ಇದನ್ನು ತುಂಬಲು ಎಷ್ಟು ನಿಮಿಷ ಬೇಕು, ಆ ನಿಮಿಷಗಳನ್ನು ಯಾವ ಕೆಲಸದಿಂದ ಕೀಳುತ್ತೀರಿ ಎಂದು ಇಲಾಖೆಯೊಳಗೇ ಯಾರಾದರೂ ಕೇಳುವ ಪದ್ಧತಿ ಬರಬೇಕು.

ಕೈಗಳ ಲೆಕ್ಕ ಬದಲಾದರೆ ಏನಾಗುತ್ತದೆ ಎಂಬುದನ್ನು ನೆರೆಯ ತಮಿಳುನಾಡು ಪರೀಕ್ಷಿಸಿ ನೋಡಿದೆ. ಅಲ್ಲಿನ ನಾಲ್ಕು ಜಿಲ್ಲೆಗಳ 640 ಅಂಗನವಾಡಿಗಳನ್ನು ಆಯ್ದು, ಚೀಟಿ ಎತ್ತಿದ ಹಾಗೆ 320ರಲ್ಲಿ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ನೇಮಿಸಲಾಯಿತು. ಅವಳ ಕೆಲಸ ಶಾಲಾಪೂರ್ವ ಶಿಕ್ಷಣ ಮಾತ್ರ. ಅರ್ಥಶಾಸ್ತ್ರಜ್ಞರಾದ ಅಲೆಹಾಂದ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ಕ್ರಿಸ್ಟೊಫರ್ ವಾಲ್ಟರ್ಸ್ ಹದಿನೆಂಟು ತಿಂಗಳ ನಂತರ ಫಲಿತಾಂಶ ನೋಡಿದರು. ಮಕ್ಕಳಿಗೆ ಕಲಿಸುವ ಹೊತ್ತು ದುಪ್ಪಟ್ಟಾಗಿತ್ತು. ಭಾಷೆ, ಗಣಿತ ಎರಡರಲ್ಲೂ ಮಕ್ಕಳು ಮುಂದಿದ್ದರು. ಯಾರೂ ಹೆಚ್ಚು ನಿರೀಕ್ಷಿಸದಿದ್ದ ಫಲವೂ ಒಂದಿತ್ತು: ಕುಂಠಿತ ಬೆಳವಣಿಗೆಯ ಮತ್ತು ತೀವ್ರ ಅಪೌಷ್ಟಿಕತೆಯ ಮಕ್ಕಳು ಆ ಕೇಂದ್ರಗಳಲ್ಲಿ ಕಡಿಮೆಯಾಗಿದ್ದರು. ಹೊಸಬಳು ಬಂದದ್ದು ಪಾಠಕ್ಕೆ. ಅವಳು ಬಂದದ್ದರಿಂದ ಹಳಬಳಿಗೆ ಆರೋಗ್ಯ, ಪೌಷ್ಟಿಕತೆಯ ಕೆಲಸಕ್ಕೆ ಕೈ ಬಿಡುವಾಯಿತು. ಊಟದ ನಿಯಮ ಒಂದಕ್ಷರವೂ ಬದಲಾಗಲಿಲ್ಲ, ಕ್ಯಾಲೊರಿ ಹೆಚ್ಚಲಿಲ್ಲ, ಬದಲಾದದ್ದು ಆಳುಗಳ ಸಂಖ್ಯೆ. ಈ ಅಧ್ಯಯನವನ್ನು ರಾಜ್ಯದ ಪ್ರತಿಯೊಬ್ಬ ಹಣಕಾಸು ಅಧಿಕಾರಿಯೂ ಓದಬೇಕು.

ಮೂರು ವರ್ಷದೊಳಗಿನ ಕೂಸುಗಳ ಪಾಡು ಇನ್ನೂ ಸೂಕ್ಷ್ಮ. ಅವುಗಳಿಗಾಗಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೇಳುವ ಕಾಯ್ದೆಗಳು 2025ರವರೆಗೆ ಹಲವಿದ್ದವು, ಎಲ್ಲವೂ ತಲೆ ಎಣಿಸಿಯೇ ಬಾಗಿಲು ತೆರೆಯುತ್ತಿದ್ದವು. 1948ರ ಕಾರ್ಖಾನೆ ಕಾಯ್ದೆಗೆ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ಬೇಕಿತ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅನ್ವಯಿಸುತ್ತಿದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಗೆ 50 ಮಹಿಳೆಯರು, ಇಲ್ಲವೇ ಅವರ 20 ಮಕ್ಕಳು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಗೆ 50ಕ್ಕಿಂತ ಹೆಚ್ಚು ಮಹಿಳೆಯರು. ಹೆಂಗಸರನ್ನಷ್ಟೇ ಎಣಿಸುವ ನಿಯಮದಲ್ಲಿ ಎರಡು ದೋಷಗಳಿವೆ: ಮಗು ತಾಯಿಯೊಬ್ಬಳದೇ ಹೊರೆ ಎಂದು ಅದು ಒಪ್ಪಿಕೊಳ್ಳುತ್ತದೆ, ಮತ್ತು ಇನ್ನೊಬ್ಬ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮಾಲೀಕನಿಗೆ ಖರ್ಚಿನ ಭಯ ಹುಟ್ಟಿಸುತ್ತದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ ತಿದ್ದುಪಡಿ ಮೊದಲ ಬಾರಿಗೆ ಗಂಡು, ಹೆಣ್ಣು ಸೇರಿ 50 ನೌಕರರಿದ್ದರೆ ಸಾಕು ಎಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಕೂಸಿನ ಬಳಿ ಹೋಗಿಬರಬಹುದು ಎಂದೂ ಹೇಳಿತು. ಅದು ದೊಡ್ಡ ಹೆಜ್ಜೆ. ಆದರೆ ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇರುವ ಗಾರ್ಮೆಂಟ್ಸ್ ಸಾಲಿನಲ್ಲಿ ಹೊಲಿಗೆ ಯಂತ್ರ ಬಿಟ್ಟು ನಾಲ್ಕು ಸಲ ಏಳುವುದಕ್ಕೆ ಕಾಯ್ದೆಯ ಜೊತೆಗೆ ಸೂಪರ್‌ವೈಸರನ ಮರ್ಜಿಯೂ ಬೇಕಾಗುತ್ತದೆ.

ಇಷ್ಟೆಲ್ಲ ಎಣಿಸಿದ ಕಾಯ್ದೆಗಳಲ್ಲಿ ಕೂಸಿನ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದ ಎಣಿಕೆಯೇ ತಪ್ಪಿಹೋಗಿತ್ತು. ಕಾರ್ಖಾನೆ ಕಾಯ್ದೆಯ 48ನೇ ಕಲಂ ತರಬೇತಿ ಪಡೆದ ಹೆಂಗಸಿನ ಉಸ್ತುವಾರಿ ಇರಬೇಕು ಎನ್ನುತ್ತಿತ್ತು. ಅವಳೊಬ್ಬಳ ಮಡಿಲಿಗೆ ಎಷ್ಟು ಕೂಸು ಎಂದು ಆ ಕಲಂ ಹೇಳುತ್ತಿರಲಿಲ್ಲ.

2023ರಲ್ಲಿ ಕರ್ನಾಟಕ ಘೋಷಿಸಿದ ‘ಕೂಸಿನ ಮನೆ’ ಈ ದಾರಿಯಲ್ಲಿ ನಿಜಕ್ಕೂ ಧೈರ್ಯದ ಪ್ರಯತ್ನ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 ಕೇಂದ್ರಗಳ ಗುರಿ ಅದರದು. ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜೊತೆ ಬಂದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕು ಎಂದು ನರೇಗಾ ಕಾಯ್ದೆಯಲ್ಲಿ ಮೊದಲೇ ಇತ್ತು. ಅದಕ್ಕೆ ಒಂದು ಸೂರು ಸಿಕ್ಕಿತು. ಆದರೆ ಕೂಲಿಯ ನಿಯಮ ಕೂಸಿನ ಮನೆಯೊಳಗೂ ಬಂತು. ಆರಂಭದ ವ್ಯವಸ್ಥೆಯಲ್ಲಿ ಆರೈಕೆದಾರರೂ ಜಾಬ್ ಕಾರ್ಡಿನ ಹೆಂಗಸರೇ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿಯಿತ್ತು. ಹಾಗಾಗಿ ಹಲವರಿಗೆ ತರಬೇತಿ ಕೊಟ್ಟು ಸರದಿಯ ಮೇಲೆ ಕೂರಿಸಬೇಕಾಯಿತು. ಎಂಟು ತಿಂಗಳ ಕೂಸು ಒಂದು ಮುಖವನ್ನು, ಒಂದು ದನಿಯನ್ನು, ಎತ್ತಿಕೊಳ್ಳುವ ಒಂದು ರೀತಿಯನ್ನು ಗುರುತುಹಿಡಿದು ನಂಬುವ ಹೊತ್ತಿಗೆ ಆ ಆರೈಕೆದಾರಳ ದಿನಗಳು ಮುಗಿಯುತ್ತವೆ. ಅವಳಿಗೂ ಉಳಿದ ತಿಂಗಳುಗಳಲ್ಲಿ ಆ ದುಡಿಮೆ ಇಲ್ಲ, ಕಲಿತದ್ದಕ್ಕೆ ಬೆಲೆಯಿಲ್ಲ. ಆರೈಕೆಯನ್ನು ಮಣ್ಣು ಹೊರುವ ಕೂಲಿಯ ಅಳತೆಗೋಲಿನಲ್ಲಿ ಅಳೆದರೆ ಹೀಗಾಗುತ್ತದೆ. ಕೂಸಿನ ಮನೆಯ ಆರೈಕೆದಾರರಿಗೆ ದಿನಗೂಲಿಯ ಬದಲು ವರ್ಷದ ಕೆಲಸ ಸಿಗಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಪೇಟೆಯ ಕಡೆ ನೋಡಿದರೆ ನಿಯಮದ ಅತಿಯಿಲ್ಲ, ಅಭಾವವಿದೆ. ಶಿಕ್ಷಣ ಹಕ್ಕು ಕಾಯ್ದೆ ಶುರುವಾಗುವುದೇ ಆರನೇ ವಯಸ್ಸಿಗೆ. ಅದರ 11ನೇ ಕಲಂ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಈ ಸಡಿಲಿನಲ್ಲಿ ಬಾಡಿಗೆ ಮನೆಗಳಲ್ಲಿ, ಗ್ಯಾರೇಜುಗಳಲ್ಲಿ ಪ್ಲೇ ಹೋಂಗಳು ಹುಟ್ಟಿಕೊಂಡಿವೆ. 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆರೈಕೆದಾರಳು ಇರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳುತ್ತದೆಯಾದರೂ ಅದು ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಎರಡು ಗೆರೆಗಳ ನಡುವೆ ಬರೆಸುವ ಶಾಲೆಯನ್ನು ತಡೆಯುವವರು ಯಾರೂ ಇಲ್ಲ. ಅಲ್ಲಿ ದುಡಿಯುವ ಹುಡುಗಿಯರಿಗೆ ನೇಮಕಾತಿ ಪತ್ರ ಸಿಗುವುದೂ ಅಪರೂಪ.

ನಿಯಮ ಒಂದಿದ್ದರೂ ಅದು ಬಂದ ರೀತಿ ಮಕ್ಕಳನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ರಾಜ್ಯದ ಆರು ವರ್ಷದ ಆದೇಶವನ್ನು ನೋಡಬೇಕು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರ ಜುಲೈನಲ್ಲಿ ಆದೇಶವಾಯಿತು. ಮಗುವಿನ ಬೆಳವಣಿಗೆಯ ದೃಷ್ಟಿಯಿಂದ ಅದು ಸರಿಯಾದ ಆದೇಶ. ಜಾರಿ 2025–26ಕ್ಕೆ ಮುಂದೆ ಹೋಯಿತು. ಆ ವರ್ಷ ಬಂದಾಗ, ಎಳೆಯ ವಯಸ್ಸಿಗೇ ಎಲ್‌ಕೆಜಿಗೆ ಸೇರಿ ಯುಕೆಜಿ ಮುಗಿಸಿದ್ದ ಮಕ್ಕಳು ಇನ್ನೊಂದು ವರ್ಷ ಅಲ್ಲೇ ಕೂರಬೇಕಾದ ಪರಿಸ್ಥಿತಿ. ಪೋಷಕರ ಒತ್ತಡಕ್ಕೆ ಮಣಿದು 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷಕ್ಕೆ ಮಾತ್ರ, 5 ವರ್ಷ 5 ತಿಂಗಳು ಸಾಕು ಎಂದು ಸರ್ಕಾರ ಸಡಿಲಿಸಿತು. ಕೊನೆಯ ಮೆಟ್ಟಿಲಿಗೆ ಬಾಗಿಲು ಹಾಕಿ ಮೊದಲ ಮೆಟ್ಟಿಲನ್ನು ತೆರೆದೇ ಬಿಟ್ಟದ್ದರ ಫಲ ಅದು.

ಮತ್ತೆ ಟೀಚರಮ್ಮನ ವಿಷಯ. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ನೌಕರರು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಹಗಲೂ ರಾತ್ರಿ ಧರಣಿ ಕೂತರು. ಡಾಂಬರಿನ ಮೇಲೇ ಮಲಗಿದರು, ಕೆಲವರ ಮಡಿಲಲ್ಲಿ ಸ್ವಂತ ಕೂಸುಗಳಿದ್ದವು. ಆಮೇಲೆ ಕಾರ್ಯಕರ್ತೆಯರ ಗೌರವಧನ 8,000 ರೂಪಾಯಿಗೆ ಏರಿತು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ತಾನು ನಿಗದಿ ಮಾಡಿದ ಮೊತ್ತವನ್ನು ಕಾರ್ಯಕರ್ತೆಗೆ 3,000ದಿಂದ 4,500ಕ್ಕೆ, ಸಹಾಯಕಿಗೆ 1,500ರಿಂದ 2,250ಕ್ಕೆ ಏರಿಸಿತು. 2025–26ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಸೇರಿತು. ಪ್ರತಿ ಏರಿಕೆಯ ಹಿಂದೆಯೂ ರಸ್ತೆಯಲ್ಲಿ ಕಳೆದ ದಿನಗಳಿವೆ. ಆ ದಿನಗಳಲ್ಲಿ ಅಂಗನವಾಡಿಯ ಬಾಗಿಲಿಗೆ ಬೀಗವಿತ್ತು, ಮಕ್ಕಳು ಊಟವಿಲ್ಲದೆ ಮನೆಗೆ ಮರಳಿದ್ದರು.

ಅಮೀರ್‌ಬಿ ತೀರ್ಪಿನಿಂದ ಹದಿನೈದು ವರ್ಷಗಳ ಮೇಲೆ, 2022ರ ಏಪ್ರಿಲ್ 25ರಂದು, ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠ ಗುಜರಾತಿನ ಪ್ರಕರಣವೊಂದರಲ್ಲಿ ಅಂಗನವಾಡಿ ನೌಕರರಿಗೆ ಗ್ರಾಚ್ಯುಟಿ ಕೊಡಬೇಕೆಂದಿತು. ಆ ತೀರ್ಪಿನ ತರ್ಕವನ್ನು ಗಮನವಿಟ್ಟು ಓದಬೇಕು. 2013ರ ಆಹಾರ ಭದ್ರತಾ ಕಾಯ್ದೆ ಮಗುವಿನ ಊಟವನ್ನು ಶಾಸನದ ಕರ್ತವ್ಯವಾಗಿಸಿದೆ, ಆ ಕರ್ತವ್ಯ ನಡೆಯುವುದು ಅಂಗನವಾಡಿಯ ಮೂಲಕ, ಆದ್ದರಿಂದ ಈ ಹುದ್ದೆಗಳು ಈಗ ಶಾಸನಾತ್ಮಕವಾದವು ಎಂದಿತು ಪೀಠ. ಅಲ್ಲಿ ಶಾಲಾಪೂರ್ವ ಶಿಕ್ಷಣ ನಡೆಯುತ್ತಿರುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮಿನ ಜೊತೆ ಇಟ್ಟು ನೋಡಿತು. ಮಗುವಿನ ಹಕ್ಕಿನ ಕಾಯ್ದೆಯಿಂದಲೇ ಟೀಚರಮ್ಮನ ಹಕ್ಕೂ ಹುಟ್ಟಿತು. ಇದೇ ಹಾದಿಯಲ್ಲಿ ಗುಜರಾತ್ ಹೈಕೋರ್ಟಿನ ವಿಭಾಗೀಯ ಪೀಠ 2025ರ ಆಗಸ್ಟ್‌ನಲ್ಲಿ ಅಲ್ಲಿನ ಕಾರ್ಯಕರ್ತೆಯರಿಗೆ ತಿಂಗಳಿಗೆ ಕನಿಷ್ಠ 24,800, ಸಹಾಯಕಿಯರಿಗೆ 20,300 ರೂಪಾಯಿ ಕೊಡಬೇಕೆಂದಿತು.

ಕರ್ನಾಟಕದಲ್ಲಿ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿದೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿಗೆ ಬಂದರು. ಮೂರು ದಾಟಿದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಬರಿದಾಗುತ್ತದೆಂಬುದು ಅವರ ಆತಂಕ. ಅಂಗನವಾಡಿಗಳನ್ನೇ ಮೇಲಕ್ಕೆತ್ತುವುದಾಗಿ ಸರ್ಕಾರ ಒಪ್ಪಿತು, ಬೆಂಗಳೂರಿನ 250 ಕೇಂದ್ರಗಳಿಗೆ ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರು ಬಂತು. ಇದು ಸರಿಯಾದ ದಿಕ್ಕು. ಎಲ್‌ಕೆಜಿ ಪಾಠವೂ, ಬಿಸಿಯೂಟವೂ, ತೂಕವೂ, ಆ್ಯಪೂ, ಮನೆಭೇಟಿಯೂ ಒಂದೇ ಸೂರಿನಡಿ ನಡೆಯಬೇಕೆಂದರೆ ಪ್ರತಿ ಕೇಂದ್ರಕ್ಕೆ ಪಾಠಕ್ಕೆಂದೇ ಮೂರನೆಯ ಹುದ್ದೆಯೊಂದು ಮಂಜೂರಾಗಬೇಕು, ದಿನದ ಎರಡು ಗಂಟೆ ಯಾವ ನಮೂನೆಯೂ, ಯಾವ ಸಮೀಕ್ಷೆಯೂ ಮುಟ್ಟದಂತೆ ಆದೇಶವಾಗಬೇಕು. ತಮಿಳುನಾಡಿನಲ್ಲಿ ಅರ್ಧ ದಿನದ ಒಬ್ಬಳಿಂದಲೇ ಇಷ್ಟಾಗಿದೆ. ಮುಂದಿನ ಬಜೆಟ್ಟಿನ ಹೊತ್ತಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೇಳಬೇಕಾದದ್ದು ಈ ಹುದ್ದೆಯನ್ನು.